ಅಮ್ಮನ ಮಂಡಿಗೆ ಪಿಆರ್‌ಪಿ: ಹಣ ಕಟ್ಟುವ ಮೊದಲು

ತಾಯಿಯವರಿಗೆ 61 ವರ್ಷ, ಮಂಡಿ ಸವೆತ ಮೂರನೇ ಹಂತದಲ್ಲಿದೆ, ಮೂರು ಪಿಆರ್‌ಪಿ (ರೋಗಿಯ ರಕ್ತದಿಂದಲೇ ತಯಾರಿಸುವ, ಪ್ಲೇಟ್‌ಲೆಟ್‌ ಹೆಚ್ಚಿರುವ ದ್ರವ) ಚುಚ್ಚುಮದ್ದು ಕೊಡಿಸಿದರೆ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪು ಮೆತ್ತೆ) ಮತ್ತೆ ಬೆಳೆಯುತ್ತದೆಯೇ ಎಂದು ಕೇಳಿದ್ದೀರಿ. ಬೆಳೆಯುತ್ತದೆ ಎಂಬ ಭರವಸೆಯ ಮೇಲೆ ದಯವಿಟ್ಟು ಹಣ ಕಟ್ಟಬೇಡಿ.

ಈ ಚಿಕಿತ್ಸೆಯಲ್ಲಿ ರೋಗಿಯದೇ ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಾರೆ. ಕೆಂಪು ಕಣಗಳು ಕೊಳವೆಯ ತಳಕ್ಕಿಳಿದು ಮೇಲೆ ತಿಳಿಹಳದಿ ದ್ರವ ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್‌ (ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳು) ಹೆಚ್ಚಿರುವ ಭಾಗವನ್ನು ಮಂಡಿಗೆ ಚುಚ್ಚುತ್ತಾರೆ. ಕೆಲವು ದಿನ ನೋವು, ಊತ ಹೆಚ್ಚಬಹುದು.

ಆಸ್ಟ್ರೇಲಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು. 50 ದಾಟಿದ 288 ಜನ, ವಾರಕ್ಕೊಂದರಂತೆ ಮೂರು ಚುಚ್ಚುಮದ್ದು. ಅರ್ಧದಷ್ಟು ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್, ಅಂದರೆ ಔಷಧವಿಲ್ಲದ ಉಪ್ಪುನೀರು. ವರ್ಷದ ನಂತರ ನೋಡಿದರೆ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಣನೀಯ ವ್ಯತ್ಯಾಸವಿರಲಿಲ್ಲ. ನೋವು ಎರಡೂ ಗುಂಪಿನಲ್ಲಿ ಇಳಿದಿತ್ತು! ಹಾಗಾಗಿ ‘ನನಗೆ ಗುಣವಾಯಿತು’ ಎನ್ನುವ ನೆರೆಯವರು ಸುಳ್ಳು ಹೇಳುತ್ತಿಲ್ಲ, ಆದರೆ ಅದು ಪುರಾವೆಯಲ್ಲ. ಅನುಕೂಲವಾಗಿದೆ ಎನ್ನುವ ಸಣ್ಣ ಅಧ್ಯಯನಗಳೂ ಇವೆ.

ನನ್ನನ್ನು ಕೇಳಿದರೆ, ಮೊದಲು ಮೂರು ತಿಂಗಳು ಫಿಸಿಯೋಥೆರಪಿ ಮಾಡಿಸಿ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸಿ, ಮೆಲ್ಲಗೆ ಇಳಿಸುವಂಥ ಸರಳ ವ್ಯಾಯಾಮದಿಂದಲೇ ತೊಡೆಯ ಸ್ನಾಯು ಬಲಗೊಂಡು ಮಂಡಿಯ ಭಾರ ಹಗುರಾಗುತ್ತದೆ. ಆಮೇಲೂ ಚುಚ್ಚುಮದ್ದು ಬೇಕೆನಿಸಿದರೆ, ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.