ಚೆಂಡಿನ ಮೇಲೆ ಹೆಬ್ಬೆರಳಿಡು

ತಮ್ಮಾ,

ಯುಗಾದಿ ಊಟದ ದಿನ ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಬಡಿಸಲು ಓಡಿಬಿಟ್ಟೆ. ಈಗ ವಿವರವಾಗಿಯೇ ಬರೆದು ಕೇಳಿದ್ದೀಯ. ವಿಸ್ಕಾನ್ಸಿನ್‌ನ ಆಪಲ್ಟನ್‌ಗೆ ಬಂದು ಮೂರು ತಿಂಗಳು, ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಡ್ರಾಫ್ಟ್ ಮಾತು, ಅಂದರೆ ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಮಾತು. ಗ್ರೀನ್ ಬೇಯ ಪ್ಯಾಕರ್ಸ್ ತಂಡ ಯಾವ ಆಫೆನ್ಸಿವ್ ಲೈನ್‌ಮನ್‌ನನ್ನು, ಅಂದರೆ ಮುಂದಿನ ಸಾಲಿನಲ್ಲಿ ಎದುರಾಳಿಗಳನ್ನು ತಡೆಯುವವನನ್ನು, ಆರಿಸಬೇಕೆಂದು ನೀನೂ ಒಂದು ಹೆಸರು ಬರೆದುಕೊಡಬೇಕಂತೆ. ಇದು ನಮ್ಮ ಐಪಿಎಲ್ ಹರಾಜಿನಂಥದ್ದೇ ಅಕ್ಕಾ, ಇದನ್ನೆಲ್ಲ ಕಲಿಯದಿದ್ದರೆ ಇಲ್ಲಿ ಬದುಕಲಾಗುವುದಿಲ್ಲವೇ ಎಂದು ಕೇಳಿದ್ದೀಯ.

ಧಾರಾಳವಾಗಿ ಬದುಕಬಹುದು. ನಮ್ಮ ಯಜಮಾನರು ಇಪ್ಪತ್ತೆರಡು ವರ್ಷಗಳಿಂದ ಭಾನುವಾರದ ಮಧ್ಯಾಹ್ನಗಳನ್ನು ನಿದ್ದೆಯಲ್ಲೇ ಕಳೆದಿದ್ದಾರೆ, ಅವರಿಗೆ ಯಾವ ಕೊರತೆಯೂ ಆಗಿಲ್ಲ. ಹಿಮದಲ್ಲಿ ಕಾರು ಓಡಿಸುವುದನ್ನು ಮೊದಲು ಕಲಿ. ಆದರೆ ಹೆಸರು ಬರೆದುಕೊಡಬೇಕು ಎಂದ ಮೇಲೆ ಕಣ್ಣು ಮುಚ್ಚಿ ಬರೆಯಬೇಡ.

ಇದು ಹರಾಜಲ್ಲ. 32 ತಂಡಗಳು, 7 ಸುತ್ತು. ಹಿಂದಿನ ಋತುವಿನಲ್ಲಿ ತೀರ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಸರದಿಯನ್ನು ಬೇರೆ ತಂಡದ ಜೊತೆ ಅದಲುಬದಲು ಮಾಡಿಕೊಳ್ಳಬಹುದು, ಅದು ಬೇರೆ ಕಥೆ. ದುಡ್ಡಿನ ಕೂಗಾಟವಿಲ್ಲ. ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರ ಮೇಲೆ ಸಂಬಳ ಹೆಚ್ಚುಕಡಿಮೆ ನಿಗದಿಯಾಗುತ್ತದೆ. ಹುಡುಗ ತನಗೆ ಬೇಕಾದ ಊರನ್ನು ಕೇಳುವಂತಿಲ್ಲ. ಆ ಸಂಕಟ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. 2025ರಲ್ಲಿ ಈ ಜಾತ್ರೆ ನಮ್ಮ ಪಕ್ಕದ ಗ್ರೀನ್ ಬೇಯಲ್ಲೇ ನಡೆಯಿತು. ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು, ಮೂರು ದಿನಕ್ಕೆ ಬಂದವರು ಸುಮಾರು ಆರು ಲಕ್ಷ.

ಇನ್ನು ಲೈನ್. ಐದು ಜನ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್‌ಗಳು, ಎರಡು ತುದಿಯಲ್ಲಿ ಇಬ್ಬರು ಟ್ಯಾಕಲ್‌ಗಳು. ಒಬ್ಬೊಬ್ಬನೂ ಸುಮಾರು 140 ಕಿಲೋ. ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನನ್ನು ಬಿಟ್ಟರೆ ಉಳಿದವರ ಕೈಗೆ ಚೆಂಡು ತಾಗುವುದೇ ಅಪರೂಪ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯುವವರೆಗೆ, ಅಂದರೆ ಎರಡೂವರೆ ಮೂರು ಸೆಕೆಂಡು, ಎದುರಾಳಿಗಳು ಅವನ ಮೈಮೇಲೆ ಬೀಳದಂತೆ ತಡೆಯುವುದು ಇವರ ಕೆಲಸ. ಬಲಗೈಯಲ್ಲಿ ಎಸೆಯುವವನಿಗೆ ಎಡಗಡೆಯಿಂದ ಬರುವವನು ಕಾಣುವುದಿಲ್ಲ, ಆದ್ದರಿಂದಲೇ ಎಡ ಟ್ಯಾಕಲ್‌ಗೆ ಅಷ್ಟು ಬೆಲೆ. ಕಬಡ್ಡಿಯ ಟ್ಯಾಕಲ್ ಎಂದು ತಿಳಿದು ಮೋಸಹೋಗಬೇಡ. ಇಲ್ಲಿ ಟ್ಯಾಕಲ್ ಎಂಬುದು ಎದುರಾಳಿಯನ್ನು ಹಿಡಿಯಲೇಬಾರದವನ ಹೆಸರು! ಹಿಡಿದರೆ ತಂಡ ಹತ್ತು ಗಜ ಹಿಂದಕ್ಕೆ.

ಬಂದ ಹೊಸದರಲ್ಲಿ ನಾನೂ ಎಲ್ಲರಿಗಿಂತ ದಪ್ಪಗಿದ್ದವನೇ ಒಳ್ಳೆಯವನು ಎಂದುಕೊಂಡಿದ್ದೆ. ಕಣ್ಣು ತೆರೆಸಿದವರು ನಮ್ಮ ಎದುರು ಮನೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೈನ್ ಹುಡುಗರನ್ನು ಪಳಗಿಸಿ ನಿವೃತ್ತರಾದವರು. ಒಂದು ದಿನ ಟಿವಿಯಲ್ಲಿ ಯಾವುದೋ ಕಾಲೇಜು ಪಂದ್ಯ ಹಾಕಿ, ಚಿತ್ರವನ್ನು ನಿಲ್ಲಿಸಿ, ಎದ್ದು ಹೋಗಿ ಪರದೆಯ ಮೇಲೆ ಚೆಂಡು ಇದ್ದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದರು. ‘ಈಗ ಎಡಗಡೆಯವನ ಕಾಲು ನೋಡು’ ಎಂದರು. ಮತ್ತೆ ಓಡಿಸಿದರು. ಆ ಹುಡುಗ ಹಿಂದೆ ಹಿಂದೆ ಜಾರುತ್ತ ಹೋದ, ಒಂದು ಕಾಲು ಇನ್ನೊಂದನ್ನು ದಾಟಲಿಲ್ಲ. ಬಲಗಡೆಯವನ ಕಾಲುಗಳು ಮೂರನೆಯ ಹೆಜ್ಜೆಗೇ ಕತ್ತರಿಯಾದವು, ಎದುರಾಳಿ ಅವನ ಪಕ್ಕದಲ್ಲೇ ನುಸುಳಿಹೋದ. ಅಷ್ಟು ಹೊತ್ತು ಚೆಂಡು ಎಲ್ಲಿ ಹೋಯಿತು ಎಂಬುದು ನನಗೆ ಗೊತ್ತೇ ಆಗಲಿಲ್ಲ.

ಆಮೇಲೆ ಗ್ಯಾರೇಜಿಗೆ ಕರೆದುಕೊಂಡು ಹೋಗಿ ‘ದೂಡು’ ಎಂದರು. ಅರವತ್ತು ದಾಟಿದವರನ್ನು ಹೇಗೆ ದೂಡುವುದು? ಹಿಂಜರಿದೇ ದೂಡಿದೆ. ಅರ್ಧ ಹೆಜ್ಜೆ ಹಿಂದೆ ಸರಿದರು, ಮೊಣಕಾಲು ಇಷ್ಟೇ ಬಗ್ಗಿತು, ಬೂಟು ಸಿಮೆಂಟಿನ ಮೇಲೆ ಕಿರ್ರೆಂದಿತು. ಅಷ್ಟೇ. ಮತ್ತೆ ಮೈಯೆಲ್ಲ ಬಲ ಹಾಕಿದರೂ ಒರಳುಕಲ್ಲನ್ನು ದೂಡಿದ ಹಾಗಾಯಿತು. ಸೊಂಟ ಬಗ್ಗಿಸುವವನು ಮುಗ್ಗರಿಸುತ್ತಾನೆ, ಮೊಣಕಾಲು ಬಗ್ಗಿಸುವವನು ಬೇರು ಬಿಡುತ್ತಾನೆ. ವಿಡಿಯೊ ನೋಡುವಾಗ ನೀನು ಹುಡುಕಬೇಕಾದದ್ದು ಇದನ್ನೇ.

ಇನ್ನೊಂದು ವಿಷಯ ನನಗೆ ತಾನಾಗಿಯೇ ಹೊಳೆಯಿತು, ಏಕೆಂದರೆ ಮಂಡ್ಯದಲ್ಲಿ ಓದುವಾಗ ನಾನು ಕಬಡ್ಡಿಯಲ್ಲಿ ಎಡ ಮೂಲೆಯವಳು. ಸರಪಳಿ ಕಟ್ಟಿ ನಿಂತಾಗ ಪಕ್ಕದವಳ ಭಾರ ಎತ್ತ ವಾಲುತ್ತಿದೆ ಎಂಬುದು ಕೈಗೇ ತಿಳಿಯುತ್ತದೆ. ಇವರು ಕೈ ಹಿಡಿದುಕೊಳ್ಳದೆಯೇ ಆ ಸರಪಳಿ ಕಟ್ಟಬೇಕು. ಎದುರಾಳಿಗಳಿಬ್ಬರು ಅಡ್ಡಾದಿಡ್ಡಿ ದಾಟಿ ಜಾಗ ಬದಲಿಸಿಕೊಂಡು ನುಗ್ಗಿದಾಗ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಒಪ್ಪಿಸಿ ಹೊಸಬನನ್ನು ಎತ್ತಿಕೊಳ್ಳುತ್ತಾನೋ, ಇಲ್ಲ ತನ್ನವನ ಬೆನ್ನು ಹತ್ತಿ ಹೋಗಿಬಿಡುತ್ತಾನೋ ನೋಡು. ತಾಕತ್ತಿದ್ದೂ ಇಲ್ಲಿ ಎಡವುವವರೇ ಹೆಚ್ಚು. ಕಾಲೇಜು ತಂಡಗಳಲ್ಲಿ ಈಗ ಚೆಂಡನ್ನು ತಕ್ಷಣ ಎಸೆದುಬಿಡುವ ಆಟವೇ ಜಾಸ್ತಿ, ಆದ್ದರಿಂದ ಎಷ್ಟೋ ಟ್ಯಾಕಲ್‌ಗಳಿಗೆ ನಿಜವಾದ ಪರೀಕ್ಷೆಯೇ ಆಗಿರುವುದಿಲ್ಲ. ತಂಡ ಮುಂದೆ ಸಾಗಬೇಕಾದ ದೂರ ಬಹಳ ಬಾಕಿಯಿದ್ದು ಕ್ವಾರ್ಟರ್‌ಬ್ಯಾಕ್ ಕಾಯಲೇಬೇಕಾದ ಸಂದರ್ಭಗಳನ್ನು ಹುಡುಕಿ ನೋಡು, ಅದೂ ಬಲವಾದ ತಂಡದ ಎದುರು.

ಅಳತೆಗಳ ಬಗ್ಗೆ ನಿನ್ನ ಸಹೋದ್ಯೋಗಿಗಳು ತಲೆ ತಿನ್ನುತ್ತಾರೆ. ಡ್ರಾಫ್ಟ್‌ಗೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ತೋಳು, ಅಂಗೈ, ಎತ್ತರ, ತೂಕ ಎಲ್ಲವನ್ನೂ ಅಳೆಯುತ್ತಾರೆ. ನನಗೆ ದನದ ಜಾತ್ರೆ ನೆನಪಾಗುತ್ತದೆ. ಆಟಗಾರರಲ್ಲೇ ಕೆಲವರು ಇದನ್ನು ಗುಲಾಮರ ಸಂತೆಗೆ ಹೋಲಿಸಿದ್ದಾರೆ. ಆ ಭಾಗ ಬಂದಾಗ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಹಾಗೆಂದು ತೋಳಿನ ಉದ್ದ ಸುಳ್ಳಲ್ಲ. ಯಾರ ಕೈ ಮೊದಲು ಎದುರಿನವನ ಎದೆ ಮುಟ್ಟುತ್ತದೋ ಹಿಡಿತ ಅವನದು. ಟ್ಯಾಕಲ್‌ಗೆ 33 ಇಂಚಾದರೂ ಬೇಕು, 34 ಇದ್ದರೆ ನಿಶ್ಚಿಂತೆ ಎನ್ನುತ್ತಾರೆ. 2025ರಲ್ಲಿ ಲೂಯಿಸಿಯಾನಾದ ವಿಲ್ ಕ್ಯಾಂಪ್‌ಬೆಲ್ ತೋಳು ಕಂಬೈನ್‌ನಲ್ಲಿ 33 ಇಂಚಿಗೆ ಕೊಂಚ ಕಡಿಮೆ ಬಂತು, ಅವರ ಕಾಲೇಜಿನಲ್ಲಿ ಮತ್ತೆ ಅಳೆದಾಗ ಸರಿಯಾಗಿ 33 ಆಯಿತು. ಒಂದು ಇಂಚಿನ ಅರ್ಧಕ್ಕೂ ಕಡಿಮೆ ವ್ಯತ್ಯಾಸಕ್ಕೆ ವಾರಗಟ್ಟಲೆ ಜಗಳ! ಕೊನೆಗೆ ಪೇಟ್ರಿಯಟ್ಸ್ ತಂಡ ನಾಲ್ಕನೆಯವರಾಗಿ ಅವರನ್ನೇ ಆರಿಸಿತು.

ಕಂಬೈನ್‌ನಲ್ಲಿ ಓಡಿಸುವ 40 ಗಜದ ಓಟವನ್ನು ಮಾತ್ರ ಮರೆತುಬಿಡು. ಲೈನ್‌ಮನ್ ಅಷ್ಟು ದೂರ ಓಡುವ ಪ್ರಸಂಗ ಬಂದರೆ ಆಟ ಎಲ್ಲೋ ಕೆಟ್ಟಿದೆ ಎಂದೇ ಅರ್ಥ. ಬೇಕಾದರೆ ಮೊದಲ 10 ಗಜದ ಹೊತ್ತನ್ನು ನೋಡು. 2018ರಲ್ಲಿ ಒರ್ಲ್ಯಾಂಡೊ ಬ್ರೌನ್ ಅದೇ 40 ಗಜಕ್ಕೆ 5.85 ಸೆಕೆಂಡು ತೆಗೆದುಕೊಂಡರು, 102 ಕಿಲೋ ಭಾರವನ್ನು 14 ಸಲ ಮಾತ್ರ ಎತ್ತಿದರು. ಎಲ್ಲರೂ ನಕ್ಕರು. ಮೂರನೆಯ ಸುತ್ತಿನವರೆಗೆ ಜಾರಿ 83ನೆಯವರಾಗಿ ಬಾಲ್ಟಿಮೋರ್ ಸೇರಿದರು. ಐದು ವರ್ಷದೊಳಗೆ ಕ್ಯಾನ್ಸಸ್ ಸಿಟಿಯ ಎಡ ಟ್ಯಾಕಲ್ ಆಗಿ ಸೂಪರ್ ಬೌಲ್, ಅಂದರೆ ಋತುವಿನ ಫೈನಲ್ ಪಂದ್ಯವನ್ನೇ, ಗೆದ್ದರು.

ತದ್ವಿರುದ್ಧ ಉದಾಹರಣೆ ನಮ್ಮೂರಿನದೇ, ಆದರೆ ಕಚೇರಿಯಲ್ಲಿ ಆ ಹೆಸರೆತ್ತಬೇಡ, ವಯಸ್ಸಾದವರ ಮುಖ ಸಪ್ಪಗಾಗುತ್ತದೆ. 1989ರಲ್ಲಿ ಪ್ಯಾಕರ್ಸ್ ಎರಡನೆಯ ಸರದಿಯಲ್ಲಿ ಟೋನಿ ಮ್ಯಾಂಡರಿಚ್ ಎಂಬ ಟ್ಯಾಕಲ್ ಅನ್ನು ಆರಿಸಿತು. ಮೈಕಟ್ಟು ನೋಡಿ ಇಡೀ ದೇಶವೇ ಬೆರಗಾಗಿತ್ತು. ಆಟ ನಡೆಯಲೇ ಇಲ್ಲ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದೆ ಎಂದು ಎಷ್ಟೋ ವರ್ಷಗಳ ಮೇಲೆ ಅವರೇ ಒಪ್ಪಿಕೊಂಡರು. ಆ ಡ್ರಾಫ್ಟ್‌ನಲ್ಲಿ ಅವರ ಹಿಂದೆಯೇ, ಮೂರನೆಯವರಾಗಿ ಹೋದವರು ಮುಂದೆ ದಂತಕಥೆಯಾದ ಬ್ಯಾರಿ ಸ್ಯಾಂಡರ್ಸ್. ಅವರು ಯಾರೆಂದು ಕೇಳಿದರೆ ನಿನ್ನ ಸಹೋದ್ಯೋಗಿಗಳು ಊಟ ಬಿಟ್ಟು ಹೇಳುತ್ತಾರೆ.

ನನ್ನನ್ನು ಕೇಳಿದರೆ ಮೊದಲ ಸುತ್ತಿನಲ್ಲೇ ಹೋಗುವ ಟ್ಯಾಕಲ್‌ನ ಹೆಸರನ್ನು ಬರೆಯಬೇಡ. ಪ್ಯಾಕರ್ಸ್‌ನವರು ಲೈನ್‌ಗೆ ಒಳ್ಳೆಯವರನ್ನು ಎಷ್ಟೋ ಸಲ ಕೆಳಗಿನ ಸುತ್ತುಗಳಲ್ಲಿ ಹೆಕ್ಕಿದ್ದಾರೆ. ವರ್ಷಗಟ್ಟಲೆ ಎಡಗಡೆ ಕಾಯ್ದ ಡೇವಿಡ್ ಬಖ್ತಿಯಾರಿ 2013ರ ನಾಲ್ಕನೆಯ ಸುತ್ತಿನವರು. 2022ರ ಝಾಕ್ ಟಾಮ್ ಕೂಡ ನಾಲ್ಕನೆಯ ಸುತ್ತಿನವರೇ. ಕಾಲೇಜಿನಲ್ಲಿ ಸೆಂಟರ್ ಆಗಿಯೂ ಎಡ ಟ್ಯಾಕಲ್ ಆಗಿಯೂ ಆಡಿ, ಇಲ್ಲಿ ಬಲ ಟ್ಯಾಕಲ್ ಆಗಿ ನಿಂತರು. ಅದೇ ವರ್ಷದ ರಶೀದ್ ವಾಕರ್ ಏಳನೆಯ ಸುತ್ತಿನಲ್ಲಿ ಸಿಕ್ಕವರು. ಎರಡು ಮೂರು ಜಾಗದಲ್ಲಿ ಆಡಿದ ಹುಡುಗನನ್ನು ಹುಡುಕು, ಕಾಲು ಕತ್ತರಿಯಾಗದವನನ್ನು ಬರೆ. ಯಾರಾದರೂ ಯಾಕೆ ಎಂದು ಕೇಳಿದರೆ ಹೇಳಲು ನಿನ್ನ ಬಳಿ ಮಾತಿರುತ್ತದೆ.

ನಾಲ್ಕರಿಂದ ಏಳನೆಯ ಸುತ್ತಿನವರೆಗೆ ಶನಿವಾರ ನಡೆಯುತ್ತದೆ. ನಾವು ಮೇಷ್ಟ್ರ ಮನೆಯಲ್ಲಿ ಬೆಳಗ್ಗೆಯಿಂದಲೇ ಕೂರುತ್ತೇವೆ. ಹನ್ನೊಂದರ ಹೊತ್ತಿಗೆ ಬಾ. ನಿಮ್ಮಮ್ಮ ಕಳಿಸಿದ ಕೋಡುಬಳೆ ಉಳಿದಿದ್ದರೆ ಒಂದು ಡಬ್ಬಿ ತಾ, ಮೇಷ್ಟ್ರಿಗೆ ಅದರ ರುಚಿ ನಾನು ಹತ್ತು ವರ್ಷದ ಹಿಂದೆಯೇ ಹತ್ತಿಸಿದ್ದೇನೆ. ಬಾಗಿಲಲ್ಲಿ ‘ದೂಡು’ ಎಂದರೆ ಹಿಂಜರಿಯಬೇಡ, ನಿಜವಾಗಿಯೂ ದೂಡು.

ನಿನ್ನ ಅಕ್ಕ