ಮೈಸೂರಿನ ಹಿತ್ತಲಲ್ಲಿ ನೆಲಗಪ್ಪೆ ನೆಲೆಸಬೇಕಾದರೆ ಏನು ಮಾಡಬೇಕು?

ಊಟ ಹಾಕಬೇಕಿಲ್ಲ, ಗೆದ್ದಲು, ಇರುವೆ, ಜೀರುಂಡೆಗಳನ್ನು ರಾತ್ರಿ ಅದೇ ಹುಡುಕಿಕೊಳ್ಳುತ್ತದೆ. ಬೇಕಿರುವುದು ಹಗಲಿಗೊಂದು ತಂಪು ಜಾಗ. ಬಾಯಿ ಒಡೆದ ಮಣ್ಣಿನ ಕುಂಡವನ್ನು ಬಾಳೆ ಬುಡದ ನೆರಳಲ್ಲಿ ಬೋರಲು ಹಾಕಿ. ಒಡಕಿನ ಕಂಡಿ ನಾಲ್ಕು ಬೆರಳಗಲ ಇರಲಿ, ಒಳಗೆ ಒದ್ದೆ ತರಗೆಲೆ ಹರಡಿ. ಪಕ್ಕದಲ್ಲಿ 1 ಇಂಚು ಆಳದ ತಟ್ಟೆಯಲ್ಲಿ ನೀರು. ಕಪ್ಪೆ ಬಾಯಿಂದ ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಹಾಗಾಗಿ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದಮೇಲೆ ಹಾಕುವುದು ಲೇಸು. ಯೂರಿಯಾ, ಕೀಟನಾಶಕ ಚೆಲ್ಲುವ ಹಿತ್ತಲಲ್ಲಿ ಇಷ್ಟೆಲ್ಲ ಮಾಡಿದರೂ ದಂಡ. ಸಂಪಿನ ಮುಚ್ಚಳ ಸಂದಿಯಿಲ್ಲದಂತೆ ಮುಚ್ಚಿ. ಬಿದ್ದರೆ ನುಣುಪು ಗೋಡೆ ಹತ್ತಲಾರದೆ ಸಾಯುತ್ತವೆ. ನಾಯಿ ಕಚ್ಚಿದರೆ, ಕಪ್ಪೆಯ ಕಣ್ಣ ಹಿಂದಿನ ಗ್ರಂಥಿಯಿಂದ ಹಾಲಿನಂಥ ವಿಷ ಒಸರಿ ನಾಯಿಗೆ ಜೊಲ್ಲು ಸುರಿಯುತ್ತದೆ. ತಲೆ ಬಗ್ಗಿಸಿ ಬಾಯಿ ತೊಳೆದು, ಪಶುವೈದ್ಯರಿಗೆ ತೋರಿಸಿ.