‘ಬೀಡಿ ಕೆಮ್ಮು ಅಷ್ಟೇ’ ಅಂದಿರಲ್ಲ

ಸಿಂಧನೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮಣ್ಣನ ಮಗನಿಗೆ ಎರಡೂವರೆ ವರ್ಷ. ಮೂರು ವಾರ ಜ್ವರ, ವಾಂತಿ. ಹಲ್ಲು ಬರ್ತಿದೆ ಅಂದರು, ದೃಷ್ಟಿ ತೆಗೆದರು, ಆಮೇಲೆ ಟೈಫಾಯ್ಡ್ ಅಂದರು. ಫಿಟ್ಸ್ ಬಂದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಮೆದುಳಿನ ಟಿ.ಬಿ. ಅಂತ ಗೊತ್ತಾಯಿತು. ಹುಟ್ಟಿದಾಗಲೇ ಟಿ.ಬಿ. ತಡೆಯೋ ಬಿಸಿಜಿ ಲಸಿಕೆ ಹಾಕಿಸಿದ್ದೆವು. ಮನೆಯಲ್ಲಿ ಯಾರಿಗೂ ಟಿ.ಬಿ. ಇಲ್ಲ, ನಮ್ಮಪ್ಪನಿಗೆ ಬೀಡಿ ಕೆಮ್ಮು ಅಷ್ಟೇ. ಮಗು ಈಗ ಅಮ್ಮನನ್ನು ಗುರುತಿಸ್ತಾನೆ, ಬಲಗೈ ಎತ್ತಲ್ಲ. ಇದು ಹೇಗೆ ಬಂತು? ಮೊದಲಿನ ಹಾಗೆ ಆಗ್ತಾನಾ?”

ಹೇಗೆ ಬಂತು ಅನ್ನೋದಕ್ಕೆ ಉತ್ತರ ನಿಮ್ಮ ಕಾಗದದಲ್ಲೇ ಇರಬಹುದು. ಅಪ್ಪನದು ನಿಜಕ್ಕೂ ಬೀಡಿ ಕೆಮ್ಮೇ ಇರಬಹುದು. ಆದರೆ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸದೆ ಹಾಗೆ ಹೇಳೋಕಾಗಲ್ಲ. ಪುಟ್ಟ ಮಕ್ಕಳಿಗೆ ಟಿ.ಬಿ. ತಗಲುವುದು ಹೆಚ್ಚಾಗಿ ಜೊತೆಯಲ್ಲಿ ಮಲಗುವ, ಎತ್ತಿ ಆಡಿಸುವ ದೊಡ್ಡವರಿಂದ. ಉಸಿರಿನ ಜೊತೆ ಒಳಗೆ ಹೋದ ರೋಗಾಣು ರಕ್ತದಲ್ಲಿ ಮೆದುಳಿಗೆ ಹೋಗಿ ಕೂರುತ್ತದೆ. ದೊಡ್ಡವರ ಮೈ ಅದನ್ನು ಸಾಮಾನ್ಯವಾಗಿ ಹಿಡಿದಿಡುತ್ತದೆ. ಐದು ವರ್ಷದೊಳಗಿನವರಿಗೆ, ಅದರಲ್ಲೂ ಎರಡು ಮೂರು ವರ್ಷದವರಿಗೆ ಆ ಶಕ್ತಿ ಕಡಿಮೆ. ಸೋಂಕು ತಗಲಿದ ಕೆಲವೇ ತಿಂಗಳಲ್ಲಿ ರೋಗ ಕಾಣಿಸಬಹುದು. ಮಗು ಸೊರಗಿದ್ದರೆ, ಎಚ್‌ಐವಿ ಇದ್ದರೆ ಅಪಾಯ ಇನ್ನೂ ಜಾಸ್ತಿ.

ಬಿಸಿಜಿ ಸುಳ್ಳಲ್ಲ. ಮಕ್ಕಳ ಮೆದುಳಿನ ಟಿ.ಬಿ.ಯ ಅಪಾಯವನ್ನು ನೂರಕ್ಕೆ 70ರಷ್ಟು ತಗ್ಗಿಸುತ್ತದೆ. ಉಳಿದ ಮೂವತ್ತು ಉಳಿದೇ ಇದೆ. ಅಲ್ಲದೆ, ದೊಡ್ಡವರ ಶ್ವಾಸಕೋಶದ ಟಿ.ಬಿ.ಯನ್ನು ಅದು ತಡೆಯುವುದಿಲ್ಲ ಅಂತ 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ ಕಂಡಿತು. ಅಂದರೆ ಲಸಿಕೆ ಮಗುವನ್ನು ಕಾಯಬಲ್ಲದು, ತಾತನ ಕೆಮ್ಮನ್ನು ತಡೆಯಲಾರದು.

ಮೂರು ವಾರ ಹೋಯಿತು ಅಂತ ನಿಮಗೆ ಸಂಕಟ. ಮೊದಲ ವಾರದಲ್ಲಿ ಇದು ಯಾವ ಜ್ವರದ ಹಾಗಾದರೂ ಕಾಣುತ್ತದೆ. ಊಟ ಬೇಡ, ಆಟ ಬೇಡ, ಎತ್ತಿಕೊಂಡರೂ ಅಳು. ಕುತ್ತಿಗೆ ಬಿಗಿತ, ಮೆಳ್ಳೆಗಣ್ಣು, ಫಿಟ್ಸ್ ಎಲ್ಲ ಆಮೇಲಿನ ಮಾತು. ಜ್ವರ, ವಾಂತಿ ವಾರ ದಾಟಿ ಮಗು ಮಂಕಾಯಿತು ಅಂದರೆ ಬೆನ್ನಿನ ನೀರು ತೆಗೆದು ನೋಡಲೇಬೇಕು. ‘ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಹೋಗುತ್ತೆ’ ಅಂತ ಎಷ್ಟೋ ಮನೆಯವರು ಅಲ್ಲೇ ತಡೆಯುತ್ತಾರೆ. ಬೆನ್ನುಹುರಿ ಮುಗಿದ ಜಾಗದ ಕೆಳಗೆ ಸೂಜಿ ಹಾಕುತ್ತಾರೆ, ಭಯ ಬೇಡ. ಆ ನೀರು ನೋಡಲು ತಿಳಿಯಾಗೇ ಇರುತ್ತದೆ. ಅಲುಗಿಸದೆ ಇಟ್ಟರೆ ಕೆಲವೊಮ್ಮೆ ಜೇಡರ ಬಲೆಯಂಥ ತೆಳು ಪೊರೆ ಕಟ್ಟುತ್ತದೆ. ಅದರಲ್ಲಿ ರೋಗಾಣು ಬಹಳ ಕಡಿಮೆ. ಹಾಗಾಗಿ ರೋಗಾಣುವನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್ ಬಂದರೂ ಅನುಮಾನ ಬಲವಾಗಿದ್ದರೆ ವೈದ್ಯರು ಔಷಧಿ ಶುರು ಮಾಡುತ್ತಾರೆ. ಅದು ಸರಿಯಾದ ಕ್ರಮ.

ಮೊದಲಿನ ಹಾಗೆ ಆಗ್ತಾನಾ? ಮುಚ್ಚಿಡದೆ ಹೇಳುತ್ತೇನೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಲೆಕ್ಕದಲ್ಲಿ, ಚಿಕಿತ್ಸೆ ಸಿಕ್ಕಿಯೂ ನೂರರಲ್ಲಿ 19 ಮಕ್ಕಳು ತೀರಿಕೊಂಡಿದ್ದರು. ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೈಕಾಲು, ಕಣ್ಣು, ಕಿವಿ, ಕಲಿಕೆ ಹೀಗೆ ಏನಾದರೊಂದು ಊನ. ಆದರೆ ಆ ಮಕ್ಕಳಲ್ಲಿ ಅರ್ಧದಷ್ಟು ಜನ ಆಸ್ಪತ್ರೆಗೆ ಬಂದಿದ್ದೇ ಕೊನೆಯ ಹಂತದಲ್ಲಿ. ನಿಮ್ಮ ಹುಡುಗ ಅಮ್ಮನನ್ನು ಗುರುತಿಸುವುದು ಒಳ್ಳೆಯ ಲಕ್ಷಣ. ಬಲಗೈ ಬಗ್ಗೆ ಈಗಲೇ ಯಾರೂ ಮಾತು ಕೊಡಲಾರರು. ಫಿಸಿಯೋಥೆರಪಿ ಮಾತ್ರ ಮುಂದೂಡಬೇಡಿ, ಕಣ್ಣು ಕಿವಿ ಪರೀಕ್ಷೆಯೂ ಆಗಲಿ. ಔಷಧಿ ಸಾಮಾನ್ಯವಾಗಿ ವರ್ಷವಿಡೀ ಇರುತ್ತದೆ. ಆರಾಮಾದ ಅಂತ ನಡುವೆ ಬಿಡಬೇಡಿ. ಜೊತೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ತಲೆಯಲ್ಲಿ ನೀರು ತುಂಬಿ ಕೊಳವೆ ಹಾಕಿದ್ದರೆ, ಮತ್ತೆ ವಾಂತಿ, ಮಂಪರು ಕಂಡ ದಿನವೇ ಆಸ್ಪತ್ರೆಗೆ ಓಡಿ.

ಮನೆಯಲ್ಲಿ ಐದು ವರ್ಷದೊಳಗಿನ ಬೇರೆ ಮಕ್ಕಳಿದ್ದರೆ, ಆಡಿಕೊಂಡಿದ್ದರೂ ತೋರಿಸಿ. ಟಿ.ಬಿ. ಇಲ್ಲ ಅಂತಾದರೆ ತಡೆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಊಟವನ್ನೂ ಹಗುರ ಮಾಡಬೇಡಿ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನಲ್ಲಿ ರೋಗಿಯ ಮನೆಯವರಿಗೆಲ್ಲ ಅಕ್ಕಿ, ಬೇಳೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸ ಟಿ.ಬಿ. ನೂರಕ್ಕೆ 39ರಷ್ಟು ಕಡಿಮೆಯಾಯಿತು ಅಂತ 2023ರಲ್ಲಿ ಪ್ರಕಟಿಸಿದರು. ಟಿ.ಬಿ. ರೋಗಿಗಳ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣೆ ಹಣ ಈಗ ತಿಂಗಳಿಗೆ 1000 ರೂಪಾಯಿ. ಮಗುವಿನ ಹೆಸರಿಗೆ ಬರುತ್ತಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನು ಅಪ್ಪ. ಅವರನ್ನು ತಪ್ಪಿತಸ್ಥನ ಹಾಗೆ ಕರೆದೊಯ್ಯಬೇಡಿ, ಮನೆಯವರೆಲ್ಲ ಒಟ್ಟಿಗೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ಮೊಮ್ಮಗ ಡಿಸ್ಚಾರ್ಜ್ ಆಗಿ ಬರುವಷ್ಟರಲ್ಲಿ ಅವರ ಕಫದ ವರದಿ ಕೈಯಲ್ಲಿರಲಿ.